ಮರಾಠಿಗೆ ಬಂದ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿಗಳು: ತಪ್ಪಿಲ್ಲದ ಪಟ್ಟಿ ಮಾಡುವುದು ಹೇಗೆ

ಮರಾಠಿಯ ವಿ. ಸ. ಖಾಂಡೇಕರರ 'ಯಯಾತಿ' ಕಾದಂಬರಿಗೆ ಪ್ರಶಸ್ತಿ ಬಂದದ್ದು 1960ರಲ್ಲೋ 1974ರಲ್ಲೋ? ಎರಡೂ ಸರಿ. ಮೊದಲನೆಯದು ಸಾಹಿತ್ಯ ಅಕಾಡೆಮಿಯದು, ಎರಡನೆಯದು ಜ್ಞಾನಪೀಠ. ಇಸವಿಯನ್ನಷ್ಟೇ ಗುರುತು ಹಾಕಿಕೊಂಡವರು ಇವುಗಳಲ್ಲೊಂದನ್ನು ತಪ್ಪೆಂದು ಹೊಡೆದುಹಾಕಿಬಿಡುತ್ತಾರೆ. ಅದಕ್ಕೇ ಗ್ರಂಥಾಲಯಕ್ಕಾಗಲಿ, ರಸಪ್ರಶ್ನೆಗಾಗಲಿ, ಲೇಖನಕ್ಕಾಗಲಿ ಪಟ್ಟಿ ಮಾಡುವಾಗ ಮೊದಲೇ ಆರು ಅಂಕಣ ಹಾಕಿಕೊಳ್ಳಿ: ಪ್ರಶಸ್ತಿ, ಪ್ರಶಸ್ತಿಯ ವರ್ಷ, ಪ್ರದಾನದ ವರ್ಷ, ಲೇಖಕರು, ಕೃತಿ, ಕೃತಿಯ ಮೊದಲ ಮುದ್ರಣದ ವರ್ಷ.

ಪಟ್ಟಿಗೆ ಸೇರಬೇಕಾದವು: ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1955ರಿಂದ), ಅಕಾಡೆಮಿಯದೇ ಅನುವಾದ, ಬಾಲಸಾಹಿತ್ಯ ಮತ್ತು ಯುವ ಪುರಸ್ಕಾರಗಳು, ಜ್ಞಾನಪೀಠ (1965ರಿಂದ), ಸರಸ್ವತಿ ಸಮ್ಮಾನ್ (1991ರಿಂದ). ಮಹಾರಾಷ್ಟ್ರ ಸರ್ಕಾರದ ಬಹುಮಾನಗಳು, ನಾಸಿಕದ ಜನಸ್ಥಾನ ಪುರಸ್ಕಾರ ಎಷ್ಟೇ ದೊಡ್ಡವಾದರೂ ಇಲ್ಲಿಗೆ ಬೇಡ. ಅವು ಮರಾಠಿಯೊಳಗಿನ ಗೌರವಗಳು.

ಅತಿ ಹೆಚ್ಚು ತಪ್ಪಾಗುವುದು ವರ್ಷದಲ್ಲಿ. ಅಕಾಡೆಮಿ ಪ್ರಶಸ್ತಿ ಆಯಾ ವರ್ಷದ ಪುಸ್ತಕಕ್ಕೆ ಬರುವುದಲ್ಲ. 2024ರ ಪ್ರಶಸ್ತಿಗೆ ಪರಿಗಣಿಸಿದ್ದು 2018ರ ಜನವರಿ 1ರಿಂದ 2022ರ ಡಿಸೆಂಬರ್ 31ರವರೆಗೆ ಮೊದಲ ಸಲ ಪ್ರಕಟವಾದ ಪುಸ್ತಕಗಳನ್ನು. ನಡುವಿನ ಒಂದು ವರ್ಷ ಬಿಟ್ಟು, ಅದರ ಹಿಂದಿನ ಐದು ವರ್ಷ ಎಂದು ಲೆಕ್ಕ ಹಾಕಿ. ಈ ದಿನಾಂಕ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಧಾರವಾಡದಲ್ಲೇ ನೆಲೆಸಿದ್ದ ಜಿ. ಎ. ಕುಲಕರ್ಣಿಯವರ ಉದಾಹರಣೆಯಿದೆ. 1973ರಲ್ಲಿ ಅವರ 'ಕಾಜಳಮಾಯಾ' ಕಥಾಸಂಕಲನಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಪ್ರಕಟಣೆಯ ದಿನಾಂಕದ ಬಗ್ಗೆ ವಿವಾದ ಎದ್ದಾಗ ಅವರು ಪ್ರಶಸ್ತಿಯನ್ನೇ ಮರಳಿಸಿದರು. ಅವರ ಹೆಸರು ಪಟ್ಟಿಯಿಂದ ತೆಗೆಯಬೇಡಿ. 'ಮರಳಿಸಿದರು' ಎಂದು ಪಕ್ಕದಲ್ಲಿ ಬರೆಯಿರಿ. ಹಾಗೆಯೇ 1957ರಲ್ಲಿ ಮರಾಠಿಗೆ ಪ್ರಶಸ್ತಿಯೇ ಇರಲಿಲ್ಲ. ಆ ಜಾಗ ಖಾಲಿಯೇ ಇರಲಿ, 1958ರದ್ದನ್ನು ಮೇಲಕ್ಕೆ ಎಳೆಯಬೇಡಿ.

ಹಳೆಯ ಮರಾಠಿ ಪುಸ್ತಕಗಳಲ್ಲಿ ಮುದ್ರಣದ ಕಾಲ ಶಾಲಿವಾಹನ ಶಕೆಯಲ್ಲಿ ಇರುವುದುಂಟು. ಇಸವಿ ತಿಳಿಯಲು 78 ಕೂಡಿಸಿ, ಜನವರಿಯಿಂದ ಯುಗಾದಿಯವರೆಗಿನ ತಿಂಗಳಾದರೆ 79. ಶಕೆ 1877ರ ಚೈತ್ರ 1955ಕ್ಕೆ ಸೇರುತ್ತದೆ, ಫಾಲ್ಗುಣ 1956ಕ್ಕೆ.

ಜ್ಞಾನಪೀಠದಲ್ಲಿ ವರ್ಷಕ್ಕೂ ಪ್ರದಾನಕ್ಕೂ ಅಂತರ ಇನ್ನೂ ದೊಡ್ಡದು. ವಿಂದಾ ಕರಂದೀಕರರದು 2003ರ ಪ್ರಶಸ್ತಿ, ಅವರ ಕೈಸೇರಿದ್ದು 2006ರಲ್ಲಿ. ಭಾಲಚಂದ್ರ ನೇಮಾಡೆಯವರ 2014ರದ್ದು ಘೋಷಣೆಯಾದದ್ದು 2015ರಲ್ಲಿ. ಮರಾಠಿಗೆ ಬಂದಿರುವ ಇತರ ಎರಡು ಜ್ಞಾನಪೀಠಗಳು ಖಾಂಡೇಕರರದು (1974) ಮತ್ತು ಕುಸುಮಾಗ್ರಜರದು (1987). ಇವುಗಳಲ್ಲಿ ಕೃತಿಯ ಅಂಕಣ ತುಂಬಬೇಕಾದದ್ದು ಖಾಂಡೇಕರರಿಗೆ ಮಾತ್ರ. 1982ರಿಂದ ಜ್ಞಾನಪೀಠವನ್ನು ಒಂದು ಪುಸ್ತಕಕ್ಕಲ್ಲ, ಸಮಗ್ರ ಸಾಹಿತ್ಯಕ್ಕೆ ಕೊಡುತ್ತಾರೆ. ನೇಮಾಡೆಯವರ ಮುಂದೆ 'ಹಿಂದೂ' ಎಂದೋ ಕುಸುಮಾಗ್ರಜರ ಮುಂದೆ 'ವಿಶಾಖಾ' ಎಂದೋ ಬರೆದರೆ ತಪ್ಪು.

ಹೆಸರಾಂತ ಪುಸ್ತಕಕ್ಕೇ ಪ್ರಶಸ್ತಿ ಬಂದಿರಬೇಕೆಂದು ಊಹಿಸುವುದೂ ಬೇಡ. ನೇಮಾಡೆಯವರಿಗೆ ಅಕಾಡೆಮಿ ಪ್ರಶಸ್ತಿ ತಂದದ್ದು 'ಕೋಸಲಾ' ಕಾದಂಬರಿಯಲ್ಲ, 'ಟೀಕಾಸ್ವಯಂವರ' ಎಂಬ ವಿಮರ್ಶೆ.

'ಯುಗಾಂತ' ಎಂಬ ಹೆಸರು ಕಂಡಲ್ಲಿ ನಿಂತು ನೋಡಿ. ಇರಾವತಿ ಕರ್ವೆಯವರದು ಮಹಾಭಾರತದ ಪಾತ್ರಗಳ ಮೇಲಿನ ಪ್ರಬಂಧಗಳು, 1968ರ ಅಕಾಡೆಮಿ ಪ್ರಶಸ್ತಿ. ಮಹೇಶ ಎಲಕುಂಚವಾರರದು ನಾಟಕ, 2002ರ ಸರಸ್ವತಿ ಸಮ್ಮಾನ್. ಆ ಸಮ್ಮಾನ್ ಪಡೆದ ಮರಾಠಿಯ ಇನ್ನಿಬ್ಬರು 'ಕನ್ಯಾದಾನ'ದ ವಿಜಯ ತೆಂಡೂಲ್ಕರ್ (1993) ಮತ್ತು 'ಸನಾತನ'ದ ಶರಣಕುಮಾರ ಲಿಂಬಾಳೆ (2020).

ಅನುವಾದ ಪುರಸ್ಕಾರವನ್ನು ಯಾವ ಭಾಷೆಗೆ ತಂದರೋ ಆ ಭಾಷೆಯ ಖಾತೆಗೆ ಹಾಕಬೇಕು. ಭೈರಪ್ಪನವರ 'ವಂಶವೃಕ್ಷ'ವನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರ ಪುರಸ್ಕಾರ ಮರಾಠಿಯದು, ಕನ್ನಡದ್ದಲ್ಲ. ದಿಲೀಪ ಚಿತ್ರೆಯವರಿಗೆ 1994ರಲ್ಲಿ ಎರಡೂ ಬಂದವು: 'ಏಕೂಣ ಕವಿತಾ' ಸಂಕಲನಕ್ಕೆ ಮರಾಠಿಯ ಮುಖ್ಯ ಪ್ರಶಸ್ತಿ, ತುಕಾರಾಮರನ್ನು ಇಂಗ್ಲಿಷಿಗೆ ತಂದದ್ದಕ್ಕೆ ಅನುವಾದ ಪುರಸ್ಕಾರ. ಎರಡನೆಯದು ಇಂಗ್ಲಿಷಿನ ಖಾತೆಗೆ ಹೋಗಲಿ.

ಕೊನೆಗೆ ಹೆಸರುಗಳು. ಮರಾಠಿಯವರು ಹೆಸರಿನ ಮೊದಲಕ್ಷರಗಳನ್ನು ದೇವನಾಗರಿಯಲ್ಲೇ ಹಿಡಿಯುತ್ತಾರೆ: ಪು. ಲ. ದೇಶಪಾಂಡೆ, ವಿ. ಸ. ಖಾಂಡೇಕರ. ಇಂಗ್ಲಿಷ್ ಪಟ್ಟಿ ನೋಡಿ 'ಪಿ. ಎಲ್.' ಎಂದು ಬರೆದರೆ ಒಬ್ಬರೇ ಇಬ್ಬರಾಗುತ್ತಾರೆ. ಕಾವ್ಯನಾಮದ ಎದುರು ನಿಜನಾಮವೂ ಇರಲಿ. 1974ರಲ್ಲಿ 'ನಟಸಮ್ರಾಟ'ಕ್ಕೆ ಅಕಾಡೆಮಿ ಪ್ರಶಸ್ತಿ ಪಡೆದ ವಿ. ವಾ. ಶಿರವಾಡಕರರೂ ಮೇಲೆ ಹೇಳಿದ ಕುಸುಮಾಗ್ರಜರೂ ಒಬ್ಬರೇ.