ಮೈನಸ್ ಕಂಡರೆ ಎಕ್ಸ್‌ಪೋರ್ಟ್ ಅಂದುಕೊಂಡಿದ್ದೆ

ನಮ್ಮ ಕಾಲೇಜು ಇರುವುದು ಮಂಗಳೂರು–ಉಡುಪಿ ಹೆದ್ದಾರಿಯ ಪಕ್ಕ. ಇಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುವವನು ನಾನು. ಮುಖ್ಯ ಕಟ್ಟಡದ ತಾರಸಿಯಲ್ಲಿ 60 ಕಿಲೋವ್ಯಾಟ್ ಸೋಲಾರ್ ಹಾಕಿ ವರ್ಷ ಆಗಿತ್ತು. ಒಂದು ದಿನ ಪ್ರಿನ್ಸಿಪಾಲರು ಕರೆದು ಕೇಳಿದರು: "ಬಿಲ್ಲು ಅಂದುಕೊಂಡಷ್ಟು ಇಳಿಯಲೇ ಇಲ್ಲ ಅಲ್ವಾ, ಎಂತ ಕಥೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮಗೆ ಕರೆಂಟ್ ಕೊಡುವ ಮೆಸ್ಕಾಂ ಕಂಪನಿಯ ಬಿಲ್ಲಿನಲ್ಲಿ ಕಾಣುವುದು ಹೊರಗಿನಿಂದ ಬಂದ ಯೂನಿಟ್ ಮತ್ತು ನಾವು ಹೊರಗೆ ಕೊಟ್ಟ ಯೂನಿಟ್ (ಎಕ್ಸ್‌ಪೋರ್ಟ್), ಅಷ್ಟೇ. ತಾರಸಿಯಿಂದ ಇಳಿದು ನೇರ ಕ್ಲಾಸಿನ ಫ್ಯಾನಿಗೆ ಹೋದ ಕರೆಂಟಿನ ಸುದ್ದಿ ಆ ಕಾಗದದಲ್ಲಿ ಇಲ್ಲ. ಹಾಗಾಗಿ ಎರಡು ಮೀಟರ್ ಕೂರಿಸಿದೆ. ಒಂದು ಸೋಲಾರ್ ಇನ್ವರ್ಟರಿನ ಔಟ್‌ಪುಟ್ಟಿಗೆ, ಇನ್ನೊಂದು ಹೊರಗಿನ ಲೈನ್ ಕಟ್ಟಡಕ್ಕೆ ಬರುವ ಮೈನ್ ಇನ್‌ಕಮರಿಗೆ. ಸೋಲಾರ್ ಕೊಟ್ಟದ್ದಕ್ಕೆ ಹೊರಗಿನಿಂದ ಬಂದದ್ದನ್ನು ಕೂಡಿಸಿ, ಹೊರಗೆ ಹೋದದ್ದನ್ನು ಕಳೆದರೆ ಕಟ್ಟಡ ಎಳೆದ ಲೆಕ್ಕ ಸಿಗುತ್ತದೆ.

ಮೀಟರುಗಳಿಂದ ಆರ್‌ಎಸ್485 ಅನ್ನುವ ಡೇಟಾ ವೈರು ಎಳೆದು, ಮೀಟರುಗಳ ಭಾಷೆಯಾದ ಮಾಡ್‌ಬಸ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಕೊಟ್ಟೆ. ಗ್ರಾಫಿಗೆ ಗ್ರಫಾನಾ ಸಾಫ್ಟ್‌ವೇರ್. ಮೇ ತಿಂಗಳ ಗುಡುಗಿಗೆ ಆ ವೈರನ್ನು ಪೈಗೆ ಸೇರಿಸುವ ಮೊದಲನೇ ಕನ್ವರ್ಟರ್ ಸುಟ್ಟು ಹೋಯಿತು. ಆಮೇಲೆ ಎರಡು ಬದಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಹಾಕಿದೆ, ಶೀಲ್ಡ್ ಇರುವ ಕೇಬಲ್ ಎಳೆದು ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದೆ. ಇನ್ನೊಂದು ವಿಷಯ ಸುಟ್ಟ ಮೇಲೆಯೇ ಗೊತ್ತಾದದ್ದು. ಹತ್ತತ್ತು ಸೆಕೆಂಡಿಗೆ ಓದಿದ ಕಿಲೋವ್ಯಾಟನ್ನು ಕೂಡಿಸಿ ಯೂನಿಟ್ ಲೆಕ್ಕ ಹಾಕಬೇಡಿ. ವೈರು ಕೈಕೊಟ್ಟ ಹೊತ್ತಿನ ಯೂನಿಟ್ ಹೋದ ಹಾಗೇ. ಮೀಟರಿನೊಳಗೆ ಏರುತ್ತಾ ಹೋಗುವ ಯೂನಿಟ್ ಲೆಕ್ಕ ಇದ್ದೇ ಇರುತ್ತದೆ, ಅದನ್ನೇ ಓದಿ.

ಮೊದಲ ಹತ್ತು ದಿನದ ಗ್ರಾಫ್ ಚಂದ ಇತ್ತು. ಸ್ವಲ್ಪ ಜಾಸ್ತಿಯೇ ಚಂದ. ಹಗಲಲ್ಲಿ ಮೈನ್ ಮೀಟರ್ ಆರ್, ವೈ, ಬಿ ಅನ್ನುವ ಮೂರು ಫೇಸಿನ ಪೈಕಿ ವೈ ಫೇಸಿಗೆ ಮೈನಸ್ 4 ಕಿಲೋವ್ಯಾಟ್ ತೋರಿಸುತ್ತಿತ್ತು. ಆ ಫೇಸಿನಲ್ಲಿ ಲೋಡ್ ಕಮ್ಮಿ, ಸೋಲಾರ್ ಹೊರಗೆ ಹೋಗುತ್ತಿದೆ ಅಂದುಕೊಂಡು ಖುಷಿಪಟ್ಟೆ. ಆದರೆ ಮೆಸ್ಕಾಂ ಬಿಲ್ಲಿಗೆ ಓದುವ ನೆಟ್ ಮೀಟರಿನ ರೀಡಿಂಗ್ ಬರೆದು ತಾಳೆ ಹಾಕಿದರೆ ಹೊರಗಿನಿಂದ ಬಂದದ್ದು ನನ್ನ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ.

ಸಂಶಯ ಬಂದು ಒಂದು ರಾತ್ರಿ ಹನ್ನೊಂದಕ್ಕೆ ಹೋಗಿ ಮೈನ್ ಪ್ಯಾನೆಲ್ ಎದುರು ನಿಂತೆ. ಆಗ ಸೋಲಾರ್ ಸೊನ್ನೆ. ಎಕ್ಸ್‌ಪೋರ್ಟ್ ಆಗಲು ಕರೆಂಟೇ ಇಲ್ಲ. ಆರ್ ಪ್ಲಸ್ 3, ಬಿ ಪ್ಲಸ್ 3. ವೈ ಮಾತ್ರ ಮೈನಸ್ 3! ಸಿಟಿಯನ್ನು, ಅಂದರೆ ಫೇಸಿನ ವೈರಿಗೆ ಹಾಕಿ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರನ್ನು, ಉಲ್ಟಾ ಹಾಕಿದ್ದೆ. ಬೇರೆಯವರನ್ನು ಬೈಯುವ ಹಾಗೂ ಇಲ್ಲ, ಕಟ್ಟಿದವನು ನಾನೇ. ಮೂರು ಫೇಸೂ ಸಮ ಇದ್ದು ಒಂದು ಸಿಟಿ ತಿರುಗಿದರೆ ಮೀಟರ್ ಮೂರನೇ ಒಂದು ಭಾಗ ಮಾತ್ರ ತೋರಿಸುತ್ತದೆ. ಸೋಲಾರ್ ಇಲ್ಲದ ಕಡೆ ಮೈನಸ್ ಕಂಡ ಕೂಡಲೇ ತಪ್ಪು ಗೊತ್ತಾಗುತ್ತದೆ. ಇಲ್ಲಿ ಮೈನಸ್ಸಿಗೂ ಒಂದು ಅರ್ಥ ಇರುವುದರಿಂದ ತಪ್ಪು ಅಡಗಿ ಕೂತಿತ್ತು.

ಅವತ್ತೇ ಸರಿ ಮಾಡಲಿಲ್ಲ. ಲೋಡ್ ಇರುವಾಗ ಸಿಟಿಯಿಂದ ಮೀಟರಿಗೆ ಹೋಗುವ ಸೆಕೆಂಡರಿ ವೈರು ಬಿಚ್ಚಿದರೆ ಅಪಾಯದ ವೋಲ್ಟೇಜ್ ಏಳುತ್ತದೆ. ಭಾನುವಾರ ಮೈನ್ ಆಫ್ ಮಾಡಿಸಿ ಆ ವೈರಿನ ಎರಡು ತುದಿ, ಎಸ್1 ಮತ್ತು ಎಸ್2, ಅದಲು ಬದಲು ಮಾಡಿದೆ. ಹತ್ತು ನಿಮಿಷದ ಕೆಲಸ.

ಈಗ ರಾತ್ರಿಯ 3 ಕಿಲೋವ್ಯಾಟ್ 9 ಆಯಿತು. ಬೀಗ ಹಾಕಿದ ಕಟ್ಟಡಕ್ಕೆ 9 ಕಿಲೋವ್ಯಾಟ್ ಯಾಕೆ? ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ 108 ಯೂನಿಟ್. ಒಳ್ಳೆ ಬಿಸಿಲಿನ ದಿನ ನಮ್ಮ ಸೋಲಾರ್ ಕೊಡುವುದು 240ರ ಆಸುಪಾಸು. ಆಟಿ ತಿಂಗಳಲ್ಲಿ (ಮಳೆಗಾಲದ ತುಳು ತಿಂಗಳು) ಮೋಡ ಕವಿದ ಕೆಲವು ದಿನ 40 ಸಹ ದಾಟಲಿಲ್ಲ.

ಮತ್ತೊಂದು ರಾತ್ರಿ ವಾಚ್‌ಮನ್ ಟಾರ್ಚ್ ಹಿಡಿದರು. ನಾನು ಮೊಬೈಲಿನಲ್ಲಿ ಗ್ರಾಫ್ ನೋಡುತ್ತಾ ಒಂದೊಂದು ಲೈನಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದೇ ಇಳಿಸಿದೆ. "ಸರ್, ಆ ನೀರಿನ ಮೆಷಿನ್ ರಾತ್ರಿಯೆಲ್ಲ ಗುಂಯ್ ಅಂತ ಉಂಟು, ನನಗೆ ನಿದ್ದೆಯೇ ಇಲ್ಲ" ಅಂದರು. ಅವರಿಗೆ ಮೊದಲೇ ಗೊತ್ತಿತ್ತು, ಕೇಳಿದವರು ಯಾರೂ ಇಲ್ಲ! ನಾಲ್ಕು ವಾಟರ್ ಕೂಲರ್ ಯಾರೂ ಕುಡಿಯದ ನೀರನ್ನು ತಂಪು ಮಾಡುತ್ತಿದ್ದವು. ಸೆಮಿನಾರ್ ಹಾಲಿನ ಎರಡು ಎಸಿ ಬಂದ್ ಆಗಿರಲಿಲ್ಲ. ಸೋಲಾರ್ ಬಂದ ಮೇಲೆ "ಹೇಗೂ ಬಿಟ್ಟಿ ಕರೆಂಟ್" ಅಂತ ಹಾಕಿಸಿದ ಎಸಿಗಳು ಅವು. ಮೂರನೇ ಮಹಡಿಯ ಹಳೇ 20 ಕೆವಿಎ ಯುಪಿಎಸ್ ಏನೂ ಲೋಡ್ ಇಲ್ಲದೆ ಸುಮ್ನೆ ಬಿಸಿಯಾಗುತ್ತಾ ಒಂದು ಕಿಲೋವ್ಯಾಟಿನ ಹತ್ತಿರ ಎಳೆಯುತ್ತಿತ್ತು. ಸರ್ವರ್ ರೂಮಿನದ್ದು ಮಾತ್ರ ಬೇಕಾದ ಲೋಡ್, ಅದನ್ನು ಮುಟ್ಟಲಿಲ್ಲ.

ತಾರಸಿಯದ್ದು ಚಿಕ್ಕ ವಿಷಯ. ಸಾಲಾಗಿ ಜೋಡಿಸಿದ ಪ್ಯಾನೆಲುಗಳ ಒಂದು ಸ್ಟ್ರಿಂಗಿನ ಆಂಪಿಯರ್ ಪಕ್ಕದ ಸ್ಟ್ರಿಂಗಿಗಿಂತ ಕಮ್ಮಿ ಇತ್ತು. ಹತ್ತಿ ನೋಡಿದರೆ ಫ್ರೇಮಿನ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟಿದೆ. ಮಳೆಗೆ ಪ್ಯಾನೆಲ್ ತಾನೇ ತೊಳೆದುಕೊಳ್ಳುತ್ತದೆ ಅನ್ನುವುದು ನಮ್ಮ ಕರಾವಳಿಯಲ್ಲಿ ಅರ್ಧ ಸತ್ಯ.

ಕೂಲರುಗಳಿಗೆ ಟೈಮರ್ ಹಾಕಿದೆವು. ಎಸಿಯ ಎಂಸಿಬಿ ಇಳಿಸುವ ಕೆಲಸ ವಾಚ್‌ಮನ್ ವಹಿಸಿಕೊಂಡಿದ್ದಾರೆ. ರಾತ್ರಿಯ ಗೆರೆ 5ಕ್ಕೆ ಇಳಿದಿದೆ. ಯುಪಿಎಸ್ ಮಾತ್ರ ಹಾಗೇ ಉಂಟು. ಪರೀಕ್ಷೆ ಮುಗಿಯಲಿ ಅಂದಿದ್ದಾರೆ.