ಮಾತ್ರೆ ಹಂಚಿದರೆ ಸಾಲದು, ನೀರಿಗೆ ಬೀಳಬೇಕು

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಮಳೆಗಾಲ ಶುರುವಾದರೆ ನಮಗೆ ವಾಂತಿಭೇದಿಯ ಭಯ. ಪೈಪು ಒಡೆದ ಕಡೆ ಚರಂಡಿ ನೀರು ಒಳಗೆ ಸೇರುತ್ತದೆ. ನಳ ದಿನಾ ಬರುವುದಿಲ್ಲ, ಹಾಗಾಗಿ ಎಲ್ಲರೂ ಕೊಡ, ಡ್ರಮ್ಮುಗಳಲ್ಲಿ ನೀರು ತುಂಬಿಟ್ಟುಕೊಳ್ಳುತ್ತಾರೆ. ಆಗ ಮನೆಮನೆಗೆ ಕ್ಲೋರಿನ್ ಮಾತ್ರೆ ಹಂಚುತ್ತೇವೆ.

ಹಂಚುವುದು ಸುಲಭ. ಆಮೇಲೆ ಹೋಗಿ ನೋಡಿದರೆ ಮಾತ್ರೆ ಗೋಡೆಯ ಗೂಡಿನಲ್ಲಿ ಹಾಗೇ ಇರುತ್ತದೆ. "ಯವ್ವಾ, ನೀರು ದವಾಖಾನಿ ವಾಸ್ನಿ ಬರ್ತೈತಿ" ಅಂತಾರೆ. ಜನರಿಗೆ ತಿಳಿವಳಿಕೆ ಇಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಘಾಟು ಹೊಡೆಯುವ ನೀರನ್ನು ಯಾರು ತಾನೇ ಕುಡಿಯುತ್ತಾರೆ?

ನಾವು ಕೊಡುವ ಅರ್ಧ ಗ್ರಾಂ ಮಾತ್ರೆ 20 ಲೀಟರ್ ನೀರಿಗೆ. ಪ್ಲಾಸ್ಟಿಕ್ ಕೊಡ ಅಷ್ಟು ಹಿಡಿಯುವುದಿಲ್ಲ. ಕೊಡಕ್ಕೊಂದು ಹಾಕಿದರೆ ಕ್ಲೋರಿನ್ ಜಾಸ್ತಿಯಾಗುತ್ತದೆ. ಶುದ್ಧ ನೀರಿನ ಘಟಕದಿಂದ ನೀರು ತರುವ ಕ್ಯಾನು ಸರಿಯಾಗಿ 20 ಲೀಟರಿನದು. ಅದನ್ನೇ ಅಳತೆ ಮಾಡಿಕೊಟ್ಟೆ. ಕ್ಯಾನ್ ತುಂಬ ನೀರಿಗೆ ಒಂದೇ ಮಾತ್ರೆ. ನೀರು ರಾಡಿಯಾಗಿದ್ದರೆ ಮೊದಲು ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಬೇಕು. ಕೆಸರಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ.

ಮಾತ್ರೆ ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು. ಬೆಳಗ್ಗೆ ಕೂಲಿಗೆ ಓಡುವವರಿಗೆ ಅಷ್ಟು ಪುರಸೊತ್ತು ಎಲ್ಲಿ? ರಾತ್ರಿ ಊಟವಾದ ಮೇಲೆ ಹಾಕಿ ಮುಚ್ಚಿಡಿ ಅಂದೆ. ಬೆಳಗಾಗುವಷ್ಟರಲ್ಲಿ ವಾಸನೆಯೂ ಇಳಿದಿರುತ್ತದೆ. ಈ ಒಂದು ಬದಲಾವಣೆಯಿಂದಲೇ ಎಷ್ಟೋ ಮನೆಗಳಲ್ಲಿ ಮಾತ್ರೆ ಬಳಕೆ ಶುರುವಾಯ್ತು.

ನಂಬಿಕೆ ಬಂದದ್ದು ಮಾತ್ರ ಪರೀಕ್ಷೆಯಿಂದ. ಎರಡು ಗಾಜಿನ ನಳಿಕೆ ತಗೊಂಡು, ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಮಾತ್ರೆ ಹಾಕಿದ ನೀರು ತುಂಬುತ್ತೇನೆ. ಎರಡಕ್ಕೂ ಓಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಬಿಡುತ್ತೇನೆ. ನೀರಲ್ಲಿ ಕ್ಲೋರಿನ್ ಇದ್ದರೆ ಇದು ಹಳದಿ ಬಣ್ಣ ಕೊಡುತ್ತದೆ. ಮಾತ್ರೆ ಹಾಕಿದ್ದು ನೋಡುತ್ತಿದ್ದಂತೆ ಹಳದಿಯಾಗುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬೀಳದ ದಿನ ನಳದ ನೀರು ಬಣ್ಣ ತಿರುಗುವುದೇ ಇಲ್ಲ. ಅದನ್ನು ನೋಡಿದ ಹೆಂಗಸರು ಸೀದಾ ನೀರುಗಂಟಿಯ ಹತ್ತಿರ ಹೋಗಿ ಪೌಡರ್ ಯಾಕೆ ಹಾಕಿಲ್ಲ ಅಂತ ಕೇಳಿದರು! ನನಗೆ ಬಹಳ ಖುಷಿಯಾಯ್ತು. ಪರೀಕ್ಷೆ ಮಾಡಿದ ನೀರನ್ನು ಮಾತ್ರ ಕುಡಿಯಬಾರದು, ಚೆಲ್ಲಬೇಕು.

ಇನ್ನೊಂದು ಎಚ್ಚರ. ಇದು ನುಂಗುವ ಮಾತ್ರೆ ಅಲ್ಲ. ಬಸುರಿಯರ ಕಬ್ಬಿಣಾಂಶದ ಮಾತ್ರೆಯ ಜೊತೆ ಇಡಬೇಡಿ ಅಂತ ಪ್ರತಿ ಮನೆಯಲ್ಲೂ ಹೇಳುತ್ತೇನೆ. ಮಕ್ಕಳ ಕೈಗೂ ಸಿಗಬಾರದು. ಶುದ್ಧ ಮಾಡಿದ ನೀರಿಗೆ ಕೈ ಅದ್ದಿದರೆ ಮತ್ತೆ ಕೆಡುತ್ತದೆ, ಉದ್ದ ಹಿಡಿಕೆಯ ಸೌಟಿನಿಂದಲೇ ತೆಗೆಯಬೇಕು.

ನಮ್ಮ ಕಡೆ ಕೆಲವು ಬೋರ್‌ವೆಲ್‌ಗಳಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ. ಮಾತ್ರೆ ಹಾಕಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ಆ ಮನೆಗಳವರಿಗೆ ಕುಡಿಯಲಷ್ಟೇ ಅಲ್ಲ, ಅಡುಗೆಗೂ ಘಟಕದ ನೀರನ್ನೇ ತನ್ನಿ ಅಂತ ಹೇಳಿ ಬರುತ್ತೇನೆ.