ಮನೆಗೆ ಎರಡನೇ ಬೆಕ್ಕು ಬಂದಾಗ

ಎರಡನೇ ಬೆಕ್ಕು ತಂದ ದಿನವೇ ಎರಡನ್ನೂ ಹಾಲ್‌ನಲ್ಲಿ ಬಿಟ್ಟು "ಅವೇ ಹೊಂದಿಕೊಳ್ತವೆ ಬಿಡು" ಅನ್ನುವವರು ಜಾಸ್ತಿ. ಎರಡೂ ಮರಿಗಳಾಗಿದ್ದರೆ ಎಷ್ಟೋ ಸಲ ಹೊಂದಿಕೊಳ್ಳುತ್ತವೆ ಕೂಡ. ದೊಡ್ಡ ಬೆಕ್ಕುಗಳ ಕಥೆ ಬೇರೆ. ಮೊದಲ ದಿನ ಬಿದ್ದ ಜಗಳವನ್ನು ಅವು ತಿಂಗಳುಗಟ್ಟಲೆ ಮರೆಯುವುದಿಲ್ಲ.

ಹೊಸ ಬೆಕ್ಕಿಗೆ ಮೊದಲು ಒಂದು ಕೋಣೆ ಕೊಡಿ, ಬಾಗಿಲು ಮುಚ್ಚಿಡಿ. ಊಟ, ನೀರು, ಲಿಟರ್ ಬಾಕ್ಸ್ (ಮಲಮೂತ್ರಕ್ಕೆ ಮರಳಿನಂಥದ್ದು ತುಂಬಿದ ತಟ್ಟೆ), ಅಡಗಿ ಕೂರಲು ಒಂದು ರಟ್ಟಿನ ಡಬ್ಬ, ಇಷ್ಟು ಸಾಕು. ಬೀದಿಯಿಂದ ತಂದ ಮರಿಯಾದರೆ ವೆಟ್ (ಪಶುವೈದ್ಯರ) ಹತ್ತಿರ ತೋರಿಸಿ, ಲಸಿಕೆ ಹಾಕಿಸಿ, ಎರಡು ವಾರವಾದರೂ ಬೇರೆಯೇ ಇಡಿ. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವಾಂತಿ-ಭೇದಿಯ ಕಾಯಿಲೆ ಮರಿಯಿಂದ ಬಂದರೆ ಲಸಿಕೆ ಆಗದ ಹಳೆ ಬೆಕ್ಕಿನ ಜೀವಕ್ಕೇ ಕುತ್ತು.

ಬೆಕ್ಕಿಗೆ ಪರಿಚಯ ಅಂದರೆ ವಾಸನೆ. ಅದು ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅದು ಬರೀ ಮುದ್ದಲ್ಲ, ಕೆನ್ನೆಯ ಗ್ರಂಥಿಗಳ ವಾಸನೆ ಹಚ್ಚಿ "ಇದು ನಮ್ಮದು" ಅಂತ ಗುರುತು ಹಾಕುವುದು. ಇದನ್ನೇ ಬಳಸಿಕೊಳ್ಳಿ. ಹಳೆ ಬನಿಯನ್ ತುಂಡಿನಿಂದ ಒಂದರ ಕೆನ್ನೆ ಒರೆಸಿ ಇನ್ನೊಂದರ ಊಟದ ತಟ್ಟೆಯಿಂದ ಸ್ವಲ್ಪ ದೂರ ಇಡಿ. ಮೊದಲು ಆ ಬಟ್ಟೆಗೇ ಬುಸ್ ಅನ್ನುತ್ತದೆ, ಕತ್ತು ಚಾಚಿ ಮೂಸುತ್ತದೆ, ಬಾಯಿ ಅರ್ಧ ತೆರೆದು ನಿಂತುಬಿಡುತ್ತದೆ. ನಾಲ್ಕೈದು ದಿನ ಹೀಗೇ ಮಾಡಿ. ಬಟ್ಟೆ ಕಂಡರೂ ಕ್ಯಾರೇ ಅನ್ನದೆ ಊಟ ಮುಂದುವರಿಸಿತು ಅಂದರೆ ಮುಂದಿನ ಹೆಜ್ಜೆಗೆ ಹೋಗಬಹುದು. ನಡುವೆ ದಿನಕ್ಕೊಮ್ಮೆ ಎರಡರ ಜಾಗ ಅದಲುಬದಲು ಮಾಡಿ, ಹೊಸದು ಮನೆಯೆಲ್ಲ ಸುತ್ತಲಿ, ಹಳೆಯದು ಆ ಕೋಣೆ ಮೂಸಲಿ.

ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ. ಮೊದಲು ತಟ್ಟೆಗಳು ಬಾಗಿಲಿನಿಂದ ದೂರ ಇರಲಿ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ. ಬೇಯಿಸಿದ ಚಿಕನ್ನೋ ಮೀನೋ, ಒಟ್ಟಿನಲ್ಲಿ ಅದಕ್ಕೆ ಪ್ರಾಣವಾದದ್ದನ್ನು ಈ ಹೊತ್ತಿಗೇ ಅಂತ ಎತ್ತಿಡಿ (ಉಪ್ಪು, ಮಸಾಲೆ ಬೇಡ, ಈರುಳ್ಳಿಯಂತೂ ಬೆಕ್ಕಿಗೆ ವಿಷ). ಎರಡೂ ಬಾಗಿಲ ಬುಡದಲ್ಲೇ ನಿರಾಳವಾಗಿ ತಿಂದರೆ ಆಗ ಮುಖ ತೋರಿಸಿ. ಸೊಳ್ಳೆ ಜಾಲರಿ ಬಾಗಿಲು ಇದ್ದರೆ ಸಲೀಸು. ಇಲ್ಲದಿದ್ದರೆ ಒಂದೊಂದು ಬೆಕ್ಕಿನ ಜೊತೆ ಒಬ್ಬೊಬ್ಬರು ಕೂತು, ಕೋಲಿಗೆ ದಾರ ಕಟ್ಟಿ ಆಡಿಸುತ್ತಾ, ಐದು ನಿಮಿಷಕ್ಕೇ ಮುಗಿಸಿ. ಚೆನ್ನಾಗಿ ನಡೀತಿದೆ ಅಂತ ಎಳೆಯಬೇಡಿ.

ಬುಸುಗುಟ್ಟಿದರೆ ಹೆದರಬೇಡಿ, ಬೈಯಲೂ ಬೇಡಿ. "ದೂರ ಇರು" ಅನ್ನುವುದಕ್ಕೆ ಅದಕ್ಕಿರುವ ಮರ್ಯಾದೆಯ ಮಾತೇ ಅದು. ನನ್ನ ಪ್ರಕಾರ ಹೆದರಬೇಕಾದದ್ದು ಸದ್ದಿಲ್ಲದ ಜಗಳಕ್ಕೆ. ಒಂದು ಬೆಕ್ಕು ಪ್ಯಾಸೇಜ್ ನಡುವೆ ಆರಾಮಾಗಿ ಮಲಗಿದ ಹಾಗೆ ಕಾಣುತ್ತದೆ, ಕಣ್ಣು ಮಾತ್ರ ಇನ್ನೊಂದರ ಮೇಲೆ. ಆ ಇನ್ನೊಂದು ಎರಡು ಹೆಜ್ಜೆ ಬಂದು, ಕೂತು, ಸುಮ್ನೆ ಮೈ ನೆಕ್ಕಿಕೊಂಡು ಹಿಂದಕ್ಕೆ ಹೋಗುತ್ತದೆ. ಲಿಟರ್ ಬಾಕ್ಸ್‌ಗೆ ದಾರಿ ಅದೇ ಆಗಿದ್ದರೆ ಮರುದಿನ ನಿಮ್ಮ ಹಾಸಿಗೆ ಒದ್ದೆ. ಮನೆಯವರು ಬೈಯುವುದು ಯಾರಿಗೆ? ಒದ್ದೆ ಮಾಡಿದ ಬಡಪಾಯಿಗೆ.

ಅದಕ್ಕೇ ಎರಡು ಬೆಕ್ಕಿಗೆ ಮೂರು ಲಿಟರ್ ಬಾಕ್ಸ್ ಅನ್ನುವುದು. ಮೂರನ್ನೂ ಒಂದೇ ಬಾತ್‌ರೂಮಿನಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಬೇರೆ ಬೇರೆ ಕಡೆ ಇಡಿ, ಒಳಗಿರುವ ಬೆಕ್ಕು ಮೂಲೆಯಲ್ಲಿ ಸಿಕ್ಕಿಬೀಳದ ಹಾಗೆ ಇಡಿ. ಊಟ, ನೀರಿನ ಜಾಗಗಳೂ ಹಾಗೇ. ಚಿಕ್ಕ ಮನೆಯಾದರೆ ಮೇಲಕ್ಕೆ ಜಾಗ ಮಾಡಿ. ಬೀರು ಮೇಲೊಂದು ಹಳೆ ಕಂಬಳಿ ಹಾಕಿ, ಪಕ್ಕದಲ್ಲಿ ಹತ್ತಲು ಒಂದು ಸ್ಟೂಲ್ ಇಟ್ಟರೂ ಆಯ್ತು, ಒಂದು ಮೇಲೆ ಒಂದು ಕೆಳಗೆ ಇದ್ದುಕೊಂಡು ದಿನ ಕಳೆಯುತ್ತವೆ.

ಸಂತಾನಹರಣ ಆಪರೇಷನ್ ಮಾಡಿಸದ ಗಂಡು ಬೆಕ್ಕಿದ್ದರೆ ಇದೆಲ್ಲ ಅರ್ಧ ವ್ಯರ್ಥ. ಸುಮಾರು ಐದಾರು ತಿಂಗಳಿಗೆ ಮಾಡಿಸಿಬಿಡಿ.

ನಿಜವಾಗಿಯೂ ಕಚ್ಚಾಡಿದರೆ ಕೈ ಹಾಕಲೇಬೇಡಿ. ನಡುವೆ ದಿಂಬೋ ರಟ್ಟೋ ತೂರಿಸಿ, ಬೇರೆ ಕೋಣೆಗೆ ಕಳಿಸಿ, ಸಿಟ್ಟು ಇಳಿಯುವವರೆಗೆ ಬಿಡಿ. ನಿಮಗೆ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ರೇಬೀಸ್ ವಿಷಯದಲ್ಲಿ "ಮನೆ ಬೆಕ್ಕಲ್ವಾ" ಅನ್ನುವ ಮಾತು ಬೇಡ.

ಹೊಂದಿಕೊಂಡ ಬೆಕ್ಕುಗಳೂ ಒಮ್ಮೊಮ್ಮೆ ಕೆಡುತ್ತವೆ. ಕಿಟಕಿಯಾಚೆ ಬೀದಿ ಗಂಡು ಬೆಕ್ಕು ಕಂಡರೆ ಆ ಕೋಪವನ್ನು ಪಕ್ಕದಲ್ಲಿದ್ದದ್ದರ ಮೇಲೆ ತೀರಿಸಿಕೊಳ್ಳುತ್ತವೆ, ಗಾಜಿನ ಕೆಳಭಾಗಕ್ಕೆ ಪೇಪರ್ ಅಂಟಿಸಿ. ಆಸ್ಪತ್ರೆಯಿಂದ ಬಂದ ಬೆಕ್ಕಿನ ಮೈಯಲ್ಲಿ ಅಲ್ಲಿಯ ವಾಸನೆ ಇರುತ್ತದೆ, ಇನ್ನೊಂದಕ್ಕೆ ಗುರುತೇ ಸಿಗುವುದಿಲ್ಲ. ಒಂದು ರಾತ್ರಿ ಬೇರೆ ಮಲಗಿಸಿ. ಕಾರಣವೇ ಕಾಣದೆ ಜಗಳ ಶುರುವಾದರೆ ಯಾವುದಕ್ಕೋ ಎಲ್ಲೋ ನೋವಿದೆ ಅಂತಲೇ ಅಂದುಕೊಂಡು ವೆಟ್‌ಗೆ ತೋರಿಸಿ. ಗಂಡು ಬೆಕ್ಕು ಪದೇ ಪದೇ ಲಿಟರ್ ಬಾಕ್ಸ್‌ಗೆ ಹೋಗಿ ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ನಾಳೆಗೆ ಕಾಯಬೇಡಿ, ಆ ಹೊತ್ತಿಗೇ ಎತ್ತಿಕೊಂಡು ಹೋಗಿ.